ಚೀಟಿ ನೋಡಿ ಓದಬೇಕಾದ ದತ್ತಕೋಶ: ಯುನಿಪ್ರಾಟ್ ಬಳಕೆಯ ವಿಮರ್ಶೆ

ಎಂಎಸ್ಸಿ ಜೀವರಸಾಯನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೆಲಸವನ್ನು ನೋಡಿಕೊಳ್ಳುವ ನನ್ನ ಬಳಿಗೆ ಪ್ರತಿ ವರ್ಷವೂ ಬಂದೇ ಬರುವ ಪ್ರಶ್ನೆಯೊಂದಿದೆ: “ಮೇಡಂ, ಪಿಸಿಆರ್‌ನಲ್ಲಿ ಜೀನ್ ಚೆನ್ನಾಗಿ ಕಾಣಿಸ್ತಿದೆ, ಬ್ಲಾಟ್‌ನಲ್ಲಿ ಪ್ರೋಟೀನೇ ಇಲ್ಲ. ಯಾವುದು ತಪ್ಪಾಗಿದೆ?” ಪಿಸಿಆರ್ ಇಲ್ಲಿ ಜೀನ್‌ನ ಪ್ರತಿಯಾದ ಎಂಆರ್‌ಎನ್‌ಎಯನ್ನು ತೋರಿಸುವ ಪರೀಕ್ಷೆ, ಬ್ಲಾಟ್ ಪ್ರೋಟೀನನ್ನು ತೋರಿಸುವ ಪರೀಕ್ಷೆ; ಎಷ್ಟೋ ಸಲ ಎರಡೂ ಸರಿಯಾಗಿಯೇ ಇರುತ್ತವೆ. ಜೀನ್‌ನಿಂದ ಎಂಆರ್‌ಎನ್‌ಎ ತಯಾರಾಗುವುದು ಒಂದು ಹಂತ. ಅದರಿಂದ ಪ್ರೋಟೀನ್ ತಯಾರಾಗುವುದು, ತಯಾರಾದದ್ದು ಜೀವಕೋಶದಲ್ಲಿ ಉಳಿಯುವುದು, ಉಳಿದದ್ದು ಕೆಲಸಕ್ಕೆ ಇಳಿಯುವುದು ಬೇರೆ ಬೇರೆ ಹಂತಗಳು, ಮತ್ತು ಈ ಪ್ರತಿಯೊಂದಕ್ಕೂ ಪ್ರತ್ಯೇಕವಾದ ಕಡಿವಾಣಗಳಿವೆ. ಯಾವ ಪ್ರೋಟೀನ್‌ಗೆ ಯಾವ ಹಂತದಲ್ಲಿ ಕಡಿವಾಣ ಬಿದ್ದಿದೆ ಎಂಬುದನ್ನು ತಿಳಿಯಲು ನಾನು ವಿದ್ಯಾರ್ಥಿಗಳನ್ನು ಮೊದಲು ಕಳಿಸುವುದು ಯುನಿಪ್ರಾಟ್ ಎಂಬ, ಪ್ರೋಟೀನ್‌ಗಳ ಬಗೆಗಿನ ಉಚಿತ ದತ್ತಕೋಶಕ್ಕೆ. ಹಲವು ವರ್ಷಗಳ ಬಳಕೆಯ ನಂತರ ಅದರ ಗುಣದೋಷಗಳನ್ನು ಒಂದೆಡೆ ಬರೆದಿಡುವುದು ಉಪಯುಕ್ತವೆನಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ ಚುಟುಕಾಗಿ ಇಷ್ಟು. ಮಾರ್ಗರೆಟ್ ಡೇಹಾಫ್ ಅವರು 1965ರಲ್ಲಿ ಅಮೆರಿಕದಲ್ಲಿ 65 ಪ್ರೋಟೀನ್‌ಗಳ ಅಮೈನೋ ಆಮ್ಲ ಅನುಕ್ರಮಗಳನ್ನು, ಅಂದರೆ ಪ್ರೋಟೀನ್‌ನ ಕೊಂಡಿಗಳು ಒಂದರ ನಂತರ ಒಂದು ಬರುವ ಸಾಲನ್ನು, ಕಲೆಹಾಕಿ ಪುಸ್ತಕವಾಗಿ ಅಚ್ಚು ಹಾಕಿಸಿದರು. 1986ರಲ್ಲಿ ಜಿನೀವಾದಲ್ಲಿ ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅಮೋಸ್ ಬೈರೋಕ್ ಅವರು ಸ್ವಿಸ್-ಪ್ರಾಟ್ ಆರಂಭಿಸಿದರು. ಪ್ರತಿ ಪ್ರೋಟೀನ್‌ನ ಬಗ್ಗೆ ಪ್ರಕಟವಾದ ಪ್ರಬಂಧಗಳನ್ನು ಮನುಷ್ಯರೇ ಕೂತು ಓದಿ ಸಾರಾಂಶ ಬರೆಯುವುದು ಅದರ ಪದ್ಧತಿ. ಅನುಕ್ರಮಗಳು ಬಂದು ಬೀಳುವ ವೇಗಕ್ಕೆ ಓದುವವರು ಸಾಲದಾದಾಗ, 1996ರಲ್ಲಿ ಯಂತ್ರವೇ ವಿವರ ತುಂಬುವ ಟ್ರೆಂಬಲ್ ಎಂಬ ಇನ್ನೊಂದು ಭಾಗ ಸೇರಿತು. ಅದೇ ವರ್ಷ ಹಣವಿಲ್ಲದೆ ಸ್ವಿಸ್-ಪ್ರಾಟ್ ಮುಚ್ಚಿಹೋಗುವ ಸ್ಥಿತಿಗೂ ಬಂದಿತ್ತು. ಬ್ರಿಟನ್, ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಮೂರು ಸಂಸ್ಥೆಗಳು ಕೈಜೋಡಿಸಿ 2002ರಲ್ಲಿ ರೂಪಿಸಿದ ಕೂಟವೇ ಇಂದಿನ ಯುನಿಪ್ರಾಟ್. ಇದಕ್ಕೆ ಚಂದಾ ಇಲ್ಲ, ನೋಂದಣಿ ಬೇಕಿಲ್ಲ. ಮೂಲವನ್ನು ಹೆಸರಿಸಿದರೆ ಮಾಹಿತಿಯನ್ನು ಯಾರು ಬೇಕಾದರೂ ಮರುಬಳಕೆ ಮಾಡಬಹುದು.

ಒಂದು ಪುಟವನ್ನು ತೆರೆದು ನೋಡದೆ ಇದರ ಬಗ್ಗೆ ಏನು ಹೇಳಿದರೂ ಗಾಳಿಮಾತಾಗುತ್ತದೆ. ನಾನು ತರಗತಿಯಲ್ಲಿ ತೆರೆಯುವುದು ಮನುಷ್ಯನ ಎಚ್‌ಐಎಫ್-1 ಆಲ್ಫಾ ಪ್ರೋಟೀನ್‌ನ ಪುಟವನ್ನು; ಅದರ ಗುರುತು ಸಂಖ್ಯೆ ಕ್ಯೂ16665, ಉದ್ದ 826 ಅಮೈನೋ ಆಮ್ಲಗಳು. ಆಮ್ಲಜನಕ ಕಡಿಮೆಯಾದಾಗ ಹೊಸ ರಕ್ತನಾಳ ಬೆಳೆಸುವ, ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಒಡೆಯುವ ಜೀನ್‌ಗಳನ್ನೆಲ್ಲ ಎಬ್ಬಿಸುವ ಪ್ರೋಟೀನ್ ಇದು. ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಸಂದದ್ದು ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ. ಪುಟದಲ್ಲಿ ಕೆಳಗಿಳಿಯುತ್ತ ‘ಪಿಟಿಎಂ’ (ಪ್ರೋಟೀನ್ ತಯಾರಾದ ಮೇಲೆ ಅದರಲ್ಲಾಗುವ ಬದಲಾವಣೆಗಳು) ಎಂಬ ವಿಭಾಗಕ್ಕೆ ಬಂದರೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ 402 ಮತ್ತು 564ನೆಯ ಸ್ಥಾನದ ಪ್ರೋಲಿನ್ ಎಂಬ ಅಮೈನೋ ಆಮ್ಲಗಳ ಮೇಲೆ ಕಿಣ್ವವೊಂದು ಹೈಡ್ರಾಕ್ಸಿಲ್ ಗುಂಪನ್ನು ಕೂರಿಸುತ್ತದೆ. ಆ ಗುರುತನ್ನು ಹಿಡಿದು ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನ್ ಬಂದು ಅಂಟಿಕೊಳ್ಳುತ್ತದೆ. ಅದರ ಹಿಂದೆಯೇ ನಾಶದ ಗುರುತಾದ ಯುಬಿಕ್ವಿಟಿನ್‌ನ ಸರಪಳಿ ಬೀಳುತ್ತದೆ, ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಎಚ್‌ಐಎಫ್-1 ಆಲ್ಫಾವನ್ನು ಚೂರುಚೂರು ಮಾಡುತ್ತದೆ. ಜೀನ್ ಎಂದಿನಂತೆ ಓದಿಸಿಕೊಳ್ಳುತ್ತಿರುತ್ತದೆ, ಎಂಆರ್‌ಎನ್‌ಎ ತುಂಬಿರುತ್ತದೆ, ಪ್ರೋಟೀನ್ ಮಾತ್ರ ಹುಟ್ಟಿದ ಐದಾರು ನಿಮಿಷಗಳಲ್ಲಿ ಕರಗುತ್ತಿರುತ್ತದೆ. ಕೋಶಗಳನ್ನು ಕಡಿಮೆ ಆಮ್ಲಜನಕದ ಪೆಟ್ಟಿಗೆಯಿಂದ ಹೊರತೆಗೆದು, ಮಾತಾಡುತ್ತ ನಿಧಾನವಾಗಿ ಪಿಪೆಟ್ ಹಿಡಿದು ಕೂತರೆ ಬ್ಲಾಟ್ ಖಾಲಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟನ್ನು ಒಳ್ಳೆಯ ಪಠ್ಯಪುಸ್ತಕವೂ ಹೇಳುತ್ತದೆ. ಯುನಿಪ್ರಾಟ್‌ನ ನಿಜವಾದ ಬೆಲೆ ಇರುವುದು ಪ್ರತಿ ವಾಕ್ಯದ ಕೊನೆಯಲ್ಲಿ ಅಂಟಿಸಿರುವ ಪುಟ್ಟ ಚೀಟಿಯಲ್ಲಿ. ‘ಇಷ್ಟು ಪ್ರಬಂಧಗಳು’ ಎಂದು ಚೀಟಿ ಹೇಳಿದರೆ, ಅದನ್ನು ಒತ್ತಿದ ಕೂಡಲೇ ಆ ಮಾತನ್ನು ಪ್ರಯೋಗದಿಂದ ತೋರಿಸಿದ ಪ್ರಬಂಧಗಳ ಪಟ್ಟಿ ತೆರೆದುಕೊಳ್ಳುತ್ತದೆ. ‘ಹೋಲಿಕೆಯಿಂದ’ ಎಂದಿದ್ದರೆ ಈ ಜೀವಿಯಲ್ಲಿ ಯಾರೂ ನೋಡಿಲ್ಲ, ಹತ್ತಿರದ ಇನ್ನೊಂದು ಜೀವಿಯ ಪ್ರೋಟೀನ್‌ನಲ್ಲಿ ಕಂಡದ್ದನ್ನು ಇಲ್ಲಿಗೂ ಅನ್ವಯಿಸಿದ್ದಾರೆ ಎಂದರ್ಥ. ‘ಸ್ವಯಂಚಾಲಿತ’ ಎಂದಿದ್ದರೆ ಮನುಷ್ಯರು ಆ ಸಾಲನ್ನು ಓದಿಯೇ ಇಲ್ಲದಿರಬಹುದು. ಮೂರೂ ವಾಕ್ಯಗಳ ಅಕ್ಷರ, ಗಾತ್ರ, ಧಾಟಿ ಒಂದೇ ಆಗಿರುವುದರಿಂದ ಹೊಸಬರು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತಾರೆ. ಈ ಸೇವೆಯ ದೊಡ್ಡ ಗುಣ ಮತ್ತು ದೊಡ್ಡ ದೋಷ ಎರಡೂ ಈ ಚೀಟಿಯ ಸುತ್ತಲೇ ಇವೆ: ಪುರಾವೆಯನ್ನು ಇಷ್ಟು ಪ್ರಾಮಾಣಿಕವಾಗಿ ವಾಕ್ಯ ವಾಕ್ಯಕ್ಕೂ ಕಟ್ಟಿಕೊಟ್ಟ ಇನ್ನೊಂದು ದತ್ತಕೋಶವನ್ನು ನಾನು ಬಳಸಿಲ್ಲ, ಆದರೆ ಕಟ್ಟಿಕೊಟ್ಟದ್ದನ್ನು ಇಷ್ಟು ಸಣ್ಣದಾಗಿ ಬರೆದಿಟ್ಟದ್ದೂ ಸರಿಯಲ್ಲ.

ಬೇರೆ ಬೇರೆ ಜೀವಿಗಳ ನಡುವೆ ಪ್ರೋಟೀನ್ ನಿಯಂತ್ರಣವನ್ನು ಹೋಲಿಸುವವರಿಗೆ ಈ ಚೀಟಿ ಇನ್ನೂ ಮುಖ್ಯ. ಎಚ್‌ಐಎಫ್‌ನ ಪ್ರೋಲಿನ್ ಮೇಲೆ ಹೈಡ್ರಾಕ್ಸಿಲ್ ಕೂರಿಸುವ ಕಿಣ್ವ ಯಾವುದೆಂದು ಮನುಷ್ಯರ ಕೋಶಗಳಲ್ಲಿ ಹುಡುಕುತ್ತಿದ್ದಾಗ, 2001ರಲ್ಲಿ ದಾರಿ ತೋರಿಸಿದ್ದು ಒಂದು ಮಿಲಿಮೀಟರ್ ಉದ್ದದ ದುಂಡುಹುಳು ಸಿ. ಎಲಿಗನ್ಸ್. ಮೊಟ್ಟೆ ಇಡುವುದರಲ್ಲಿ ತೊಂದರೆಯಿರುವ ಹುಳುಗಳಲ್ಲಿ ಮೊದಲು ಗುರುತಿಸಿದ್ದರಿಂದ ‘ಇಜಿಎಲ್-9’ ಎಂದು ಹೆಸರು ಪಡೆದಿದ್ದ ಜೀನ್‌ನ ಪ್ರೋಟೀನ್ ಆಮ್ಲಜನಕವನ್ನು ಗ್ರಹಿಸುವ ಕಿಣ್ವವಾಗಿತ್ತು. ಮನುಷ್ಯರಲ್ಲಿರುವ ಅದರ ಮೂರು ಬಂಧುಗಳ ಜೀನ್ ಹೆಸರು ಇಂದಿಗೂ ‘ಇಜಿಎಲ್‌ಎನ್’ 1, 2, 3; ಮೊಟ್ಟೆಯ ನೆನಪು ಮನುಷ್ಯನ ಪುಟದಲ್ಲಿ ಹಾಗೇ ಉಳಿದುಕೊಂಡಿದೆ. ಹುಳುವಿನ ಪುಟ, ಹಣ್ಣುನೊಣದ ‘ಸಿಮಾ’ ಪುಟ, ಇಲಿಯ ಪುಟ, ಮನುಷ್ಯನ ಪುಟ, ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿ ತೆರೆದು ಚೀಟಿಗಳನ್ನಷ್ಟೇ ಓದುತ್ತ ಹೋದರೆ, ಯಾವ ಮಾತು ಯಾವ ಜೀವಿಯಲ್ಲಿ ನಿಜವಾಗಿ ಕಂಡದ್ದು, ಯಾವುದು ಕಡ ತಂದದ್ದು ಎಂಬುದು ಸ್ಪಷ್ಟವಾಗುತ್ತದೆ. ನನ್ನ ಮಟ್ಟಿಗೆ ಇದೊಂದು ಪಾಠಕ್ಕಾಗಿಯೇ ಈ ದತ್ತಕೋಶ ಬೇಕು.

ಸ್ಥಾನದ ಸಂಖ್ಯೆಗಳ ವಿಷಯದಲ್ಲಿ ನನಗೇ ಪೆಟ್ಟು ಬಿದ್ದದ್ದನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಇಲಿಯ ಕೋಶಗಳ ಕೆಲಸಕ್ಕೆಂದು ಒಂದು ಕಂಪನಿಯಿಂದ ಪ್ರತಿಕಾಯ, ಅಂದರೆ ಗೊತ್ತಾದ ಪ್ರೋಟೀನ್‌ಗೆ ಮಾತ್ರ ಅಂಟಿ ಅದನ್ನು ತೋರಿಸಿಕೊಡುವ ವಸ್ತು, ತರಿಸಿದೆವು. ಹೈಡ್ರಾಕ್ಸಿಲ್ ಕೂತ 564ನೆಯ ಪ್ರೋಲಿನ್‌ಗೆ ಅಂಟುತ್ತದೆ, ಮನುಷ್ಯ ಮತ್ತು ಇಲಿ ಎರಡಕ್ಕೂ ಆಗುತ್ತದೆ ಎಂದು ಅವರ ಮಾಹಿತಿ ಹಾಳೆಯಲ್ಲಿತ್ತು. ಇಲಿಯ ಪ್ರೋಟೀನ್‌ನ 564ನೆಯ ಸ್ಥಾನವನ್ನು ಎಣಿಸಿ ನೋಡಿದ ವಿದ್ಯಾರ್ಥಿನಿ ಅಲ್ಲಿ ಆ ತಾಣವೇ ಇಲ್ಲವೆಂದು ಗಾಬರಿಯಾಗಿ ಬಂದಳು. ಯುನಿಪ್ರಾಟ್‌ನ ‘ಅಲೈನ್’ ಉಪಕರಣಕ್ಕೆ ಎರಡೂ ಗುರುತು ಸಂಖ್ಯೆಗಳನ್ನು ಕೊಟ್ಟಾಗ ಅರ್ಧ ನಿಮಿಷದಲ್ಲಿ ವಿಷಯ ಬಗೆಹರಿಯಿತು. ಇಲಿಯ ಪ್ರೋಟೀನ್ 836 ಅಮೈನೋ ಆಮ್ಲಗಳಷ್ಟು ಉದ್ದವಿದೆ. ಅದೇ ಪ್ರೋಲಿನ್ ಅಲ್ಲಿ 577ನೆಯದು. ಸುತ್ತಲಿನ ಅನುಕ್ರಮ, ಅಂದರೆ ಲ್ಯೂಸಿನ್, ಅಲನಿನ್, ಪ್ರೋಲಿನ್, ಟೈರೋಸಿನ್ ಎಂದು ಸಾಗುವ ಸಾಲು, ಎರಡರಲ್ಲೂ ಹೊಂದಿಕೆಯಾಗುತ್ತಿತ್ತು. “ನೋಡಮ್ಮ, ಮನೆ ಅದೇ, ಬಾಗಿಲ ಮೇಲಿನ ನಂಬರು ಬೇರೆ” ಎಂದೆ. ಆದರೂ ಆ ಪ್ರತಿಕಾಯ ನಮ್ಮಲ್ಲಿ ಕೆಲಸ ಮಾಡಲಿಲ್ಲ. ಹಾಳೆಯಲ್ಲಿ ‘ಇಲಿ’ ಎಂದು ಬರೆದದ್ದು ಅನುಕ್ರಮದ ಹೋಲಿಕೆಯನ್ನು ನೋಡಿ, ಇಲಿಯಲ್ಲಿ ಪರೀಕ್ಷಿಸಿ ಅಲ್ಲ ಎಂದು ಕಂಪನಿಯವರು ಮೂರನೆಯ ಇಮೇಲ್‌ನಲ್ಲಿ ಒಪ್ಪಿಕೊಂಡರು. ಅವರ ಹಾಳೆಯಲ್ಲಿ ‘ಹೋಲಿಕೆಯಿಂದ’ ಎಂಬ ಚೀಟಿ ಇದ್ದಿದ್ದರೆ ಆ ಹಣ ಉಳಿಯುತ್ತಿತ್ತು.

ಇನ್ನೊಂದು ಎಡವುವ ಜಾಗ ಅಣುತೂಕ. ಎಚ್‌ಐಎಫ್-1 ಆಲ್ಫಾದ ತೂಕ ಸುಮಾರು 93 ಕಿಲೋಡಾಲ್ಟನ್ ಎಂದು ಯುನಿಪ್ರಾಟ್ ಕೊಡುತ್ತದೆ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಮೇಲೆ ಅದು ಕಾಣಿಸಿಕೊಳ್ಳುವುದು 110ರಿಂದ 120ರ ಆಸುಪಾಸಿನಲ್ಲಿ. ಪುಟದಲ್ಲಿರುವುದು ಅಮೈನೋ ಆಮ್ಲಗಳ ತೂಕವನ್ನು ಕೂಡಿಸಿ ಬಂದ ಲೆಕ್ಕ ಮಾತ್ರ. ಕೋಶದಲ್ಲಿ ಪ್ರೋಟೀನ್‌ಗೆ ಅಂಟಿಕೊಳ್ಳುವ ಫಾಸ್ಫೇಟ್ ಮೊದಲಾದವು ಆ ಲೆಕ್ಕದಲ್ಲಿಲ್ಲ, ಆಮ್ಲೀಯ ಭಾಗಗಳು ಹೆಚ್ಚಿರುವ ಪ್ರೋಟೀನ್ ಜೆಲ್‌ನಲ್ಲಿ ನಿಧಾನವಾಗಿ ಓಡುವುದಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆ ಸಂಖ್ಯೆಯ ಪಕ್ಕದಲ್ಲಿ ‘ಲೆಕ್ಕದ ತೂಕ’ ಎಂದು ಎರಡು ಪದ ಎದ್ದುಕಾಣುವಂತೆ ಹಾಕಿದ್ದರೆ ಪ್ರತಿ ವರ್ಷ ಒಂದೆರಡು ಸರಿಯಾದ ಬ್ಲಾಟ್‌ಗಳು ಕಸದ ಬುಟ್ಟಿಗೆ ಹೋಗುವುದು ತಪ್ಪುತ್ತಿತ್ತು.

ಜೀನ್ ಅಭಿವ್ಯಕ್ತಿಯ ವಿಭಾಗಕ್ಕೆ ಬಂದರೆ ನನ್ನ ಉತ್ಸಾಹ ಇಳಿಯುತ್ತದೆ. ಇಲ್ಲಿರುವುದು ಹೆಚ್ಚಾಗಿ ವಾಕ್ಯಗಳು: ಬಹುತೇಕ ಅಂಗಾಂಶಗಳಲ್ಲಿ ಕಾಣುತ್ತದೆ, ಮೂತ್ರಪಿಂಡ ಮತ್ತು ಹೃದಯದಲ್ಲಿ ಹೆಚ್ಚು, ಆಮ್ಲಜನಕ ಕಡಿಮೆಯಾದಾಗ ಏರುತ್ತದೆ, ಹೀಗೆ. ‘ಏರುತ್ತದೆ’ ಎಂದಾಗ ಏರುವುದು ಎಂಆರ್‌ಎನ್‌ಎಯೋ ಪ್ರೋಟೀನೋ ಎಂಬುದು ಎಲ್ಲ ಪುಟಗಳಲ್ಲೂ ಒಂದೇ ನೋಟಕ್ಕೆ ತಿಳಿಯುವುದಿಲ್ಲ. ನಮ್ಮ ವಿದ್ಯಾರ್ಥಿಯ ಮೂಲ ಪ್ರಶ್ನೆಯೇ ಅದಾಗಿತ್ತು ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ. ಪ್ರಮಾಣವಂತೂ ಸಿಗುವುದೇ ಅಪರೂಪ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸ್ ಜೀನ್‌ಗಳನ್ನು ತಡೆಹಿಡಿಯುವ ರೆಪ್ರೆಸರ್ ಪ್ರೋಟೀನ್‌ನ ಪುಟ, ಪಿ03023, ಇಡೀ ದತ್ತಕೋಶದಲ್ಲಿ ಚೆನ್ನಾಗಿ ಬರೆದ ಪುಟಗಳಲ್ಲಿ ಒಂದು. ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೋ 1961ರಲ್ಲಿ ಮುಂದಿಟ್ಟ ಮಾದರಿಯ ಕೇಂದ್ರದಲ್ಲಿರುವ ಪ್ರೋಟೀನ್ ಅದು. ಒಂದು ಜೀವಕೋಶದಲ್ಲಿ ಅದರ ನಾಲ್ಕು ಪ್ರತಿಗಳು ಸೇರಿ ಆದ ಅಣುಗಳು ಸುಮಾರು ಹತ್ತರಷ್ಟೇ ಇರುತ್ತವೆ, ಅಷ್ಟು ಕಡಿಮೆ ಸಂಖ್ಯೆಯಲ್ಲಿದ್ದೂ ಅವು ಡಿಎನ್‌ಎಯ ಸರಿಯಾದ ತಾಣವನ್ನು ಕಾಯುತ್ತವೆ ಎಂಬುದು ಆ ಕಥೆಯ ಸೊಗಸು. ಇಂಥ ಸಂಖ್ಯೆ ಬೇಕಾದವರು ಪುಟದ ಕೊಂಡಿಗಳನ್ನು ಹಿಡಿದು ಬೇರೆಡೆ ಹೋಗಬೇಕು: ಪ್ರೋಟೀನ್ ಪ್ರಮಾಣಕ್ಕೆ ಪ್ಯಾಕ್ಸ್‌ಡಿಬಿ, ಪ್ರಾಣಿಗಳ ನಡುವೆ ಜೀನ್ ಅಭಿವ್ಯಕ್ತಿಯ ಹೋಲಿಕೆಗೆ ಬಿಜೀ, ಮನುಷ್ಯನ ಅಂಗಾಂಶಗಳಿಗೆ ಹ್ಯೂಮನ್ ಪ್ರೋಟೀನ್ ಅಟ್ಲಾಸ್. ಕೊಂಡಿಗಳು ಅಚ್ಚುಕಟ್ಟಾಗಿವೆ ಎಂಬುದನ್ನು ಒಪ್ಪಬೇಕು. ಅಡುಗೆ ತಮ್ಮಲ್ಲಿಲ್ಲದಿದ್ದರೂ ಪಕ್ಕದ ಒಳ್ಳೆಯ ಖಾನಾವಳಿಯ ದಾರಿ ಹೇಳುವ ಸೌಜನ್ಯ ಇವರಿಗಿದೆ.

ಎಲ್ಲ ಜೀವಿಗಳಿಗೂ ಇಲ್ಲಿ ಒಂದೇ ಮರ್ಯಾದೆ ಇಲ್ಲ ಎಂಬುದನ್ನು ನಮ್ಮ ಭಾಗದವರು ಮೊದಲೇ ತಿಳಿದಿರುವುದು ಒಳ್ಳೆಯದು. ಇ. ಕೋಲೈಯ ಕೆ-12 ತಳಿಯ ಸುಮಾರು 4,400 ಪ್ರೋಟೀನ್‌ಗಳು, ಬೇಕರಿ ಯೀಸ್ಟ್‌ನ ಆರು ಸಾವಿರಕ್ಕೂ ಹೆಚ್ಚು, ಮನುಷ್ಯನ ಸುಮಾರು 20,400, ಇವೆಲ್ಲ ಮನುಷ್ಯರು ಓದಿ ಪರಿಶೀಲಿಸಿದ ಸ್ವಿಸ್-ಪ್ರಾಟ್ ಭಾಗದಲ್ಲಿವೆ. ಅಷ್ಟು ಅಧ್ಯಯನಗೊಂಡ ಸಿ. ಎಲಿಗನ್ಸ್ ಹುಳುವಿನಲ್ಲಿಯೇ ಪರಿಶೀಲನೆಯಾದದ್ದು ಕಾಲುಭಾಗದಷ್ಟು. ಇಡೀ ಸ್ವಿಸ್-ಪ್ರಾಟ್‌ನಲ್ಲಿ ಸುಮಾರು 5.7 ಲಕ್ಷ ನಮೂದುಗಳಿದ್ದರೆ, 2024ರಲ್ಲಿ ಟ್ರೆಂಬಲ್‌ನ ನಮೂದುಗಳು 24 ಕೋಟಿ ದಾಟಿದ್ದವು. ರಾಗಿಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಎಂಎಲ್-365 ತಳಿಯ ಜೀನೋಮ್ 2017ರಲ್ಲಿ ಪ್ರಕಟವಾಯಿತು. ಆದರೆ ರಾಗಿಯ ಪ್ರೋಟೀನ್‌ಗಳನ್ನು ಹುಡುಕುತ್ತ ಹೋದರೆ ಸಿಗುವುದು ಬಹುಪಾಲು ಯಂತ್ರವೇ ಹೆಸರಿಟ್ಟ, ‘ಇಂಥ ಡೊಮೇನ್ (ಪ್ರೋಟೀನ್‌ನ ಭಾಗ) ಇರುವ ಪ್ರೋಟೀನ್’ ಎಂಬಷ್ಟರಲ್ಲೇ ಮುಗಿಯುವ ಪುಟಗಳು. ಬರದ ಕಾಲದಲ್ಲಿ ರಾಗಿಯ ಯಾವ ಪ್ರೋಟೀನ್ ಹೇಗೆ ನಿಯಂತ್ರಣಗೊಳ್ಳುತ್ತದೆ ಎಂದು ಇಲ್ಲಿ ಕೇಳಿದರೆ, ಉತ್ತರ ಅರಾಬಿಡಾಪ್ಸಿಸ್ ಎಂಬ ಯುರೋಪಿನ ಕಳೆಗಿಡದ ಕಡೆಯಿಂದ ಕಡವಾಗಿ ಬರುತ್ತದೆ.

ಭತ್ತದ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಬಲೆಯೊಂದಿದೆ. ಗಿಡಗಳಲ್ಲಿ ಎಚ್‌ಐಎಫ್ ಇಲ್ಲ. ಆದರೆ ಉಪಾಯ ಹೆಚ್ಚುಕಡಿಮೆ ಅದೇ: ಅರಾಬಿಡಾಪ್ಸಿಸ್‌ನ ಆರ್‌ಎಪಿ2-12 ಎಂಬ ಪ್ರೋಟೀನ್‌ನ ಎರಡನೆಯ ಸ್ಥಾನದಲ್ಲಿರುವ ಸಿಸ್ಟೀನ್ ಆಮ್ಲಜನಕವಿದ್ದಾಗ ಆಕ್ಸಿಡೀಕರಣಗೊಳ್ಳುತ್ತದೆ, ಅದೇ ನಾಶದ ಗುರುತಾಗುತ್ತದೆ, ನೀರು ನಿಂತು ಬೇರಿಗೆ ಉಸಿರು ಕಟ್ಟಿದಾಗ ಗುರುತು ಬೀಳದೆ ಪ್ರೋಟೀನ್ ಉಳಿದುಕೊಂಡು ತನ್ನ ಕೆಲಸ ಮಾಡುತ್ತದೆ. 2011ರಲ್ಲಿ ಇದು ಬೆಳಕಿಗೆ ಬಂತು. ಪ್ರಾಣಿಯಲ್ಲಿ ಪ್ರೋಲಿನ್, ಗಿಡದಲ್ಲಿ ಸಿಸ್ಟೀನ್. ಸಾಮಾನು ಬೇರೆ, ಲೆಕ್ಕಾಚಾರ ಒಂದೇ. ಇದನ್ನು ಓದಿದ ವಿದ್ಯಾರ್ಥಿಯೊಬ್ಬ ಸಹಜವಾಗಿಯೇ ಭತ್ತದ ನೆರೆ ಸಹಿಷ್ಣುತೆಯ ಸಬ್1ಎ ಪ್ರೋಟೀನ್ ಹುಡುಕಲು ಹೊರಟ. ಅದು ಒಡಿಶಾ ಮೂಲದ ಎಫ್‌ಆರ್13ಎ ತಳಿಯಿಂದ ಬಂದು, ಸ್ವರ್ಣಾ-ಸಬ್1 ಎಂಬ ತಳಿಯ ಮೂಲಕ ಗದ್ದೆಗಳಿಗೆ ಇಳಿದ ಜೀನ್. ಅವನು ಹುಡುಕಾಟವನ್ನು ಜಪೋನಿಕಾ ಉಪಜಾತಿಗೆ ಸೀಮಿತಗೊಳಿಸಿದ್ದ, ಏಕೆಂದರೆ ಮಾದರಿಯಾಗಿ ಬಳಸುವ ಭತ್ತ ನಿಪ್ಪಾನ್‌ಬಾರೆ ಆ ಉಪಜಾತಿಗೆ ಸೇರಿದ್ದು. ನಿಪ್ಪಾನ್‌ಬಾರೆಯಲ್ಲಿ ಸಬ್1ಬಿ, ಸಬ್1ಸಿ ಇವೆ, ಸಬ್1ಎ ಇಲ್ಲವೇ ಇಲ್ಲ. ಹೀಗೆ, ಹುಡುಕಾಟದಲ್ಲಿ ಸಿಗದದ್ದು ಲೋಕದಲ್ಲೇ ಇಲ್ಲವೆಂದು ಬರೆದ ವರದಿಗೆ ನಾನೂ ಸಹಿ ಹಾಕುವುದರಲ್ಲಿದ್ದೆ. ತಪ್ಪು ದತ್ತಕೋಶದ್ದಲ್ಲ, ನಮ್ಮದೇ. ಆದರೂ ಮಾದರಿ ತಳಿಯೊಂದು ಇಡೀ ಬೆಳೆಯ ಪ್ರತಿನಿಧಿಯಲ್ಲ ಎಂಬ ಒಂದು ಸಾಲಿನ ಎಚ್ಚರಿಕೆ ಅಲ್ಲಿದ್ದರೆ ಚೆನ್ನಾಗಿತ್ತು.

ರೇಷ್ಮೆ ಹುಳುವಿನ ಮಟ್ಟಿಗೆ ಸಮಾಧಾನವಿದೆ. ಫೈಬ್ರಾಯಿನ್ ಭಾರಸರಪಳಿಯ ಪುಟ, ಪಿ05790, ಪರಿಶೀಲನೆಗೊಂಡದ್ದು; 5,263 ಅಮೈನೋ ಆಮ್ಲಗಳ ಉದ್ದಕ್ಕೂ ಗ್ಲೈಸಿನ್, ಅಲನಿನ್, ಮಧ್ಯೆ ಮಧ್ಯೆ ಸೆರಿನ್ ಎಂದು ಮಗ್ಗದ ಲಾಳಿಯಂತೆ ಹೋಗಿಬರುವ ಆ ಅನುಕ್ರಮವನ್ನು ಪರದೆಯ ಮೇಲೆ ಉರುಳಿಸಿ ತೋರಿಸುವುದೇ ಒಂದು ಪಾಠ. ಅಂಗಾಂಶದ ಸಾಲಿನಲ್ಲಿ ಇದು ರೇಷ್ಮೆ ಗ್ರಂಥಿಯ ಹಿಂಭಾಗದಲ್ಲಿ ಮಾತ್ರ ತಯಾರಾಗುತ್ತದೆ ಎಂದಿದೆ. ಹುಳುವಿನ ಎಲ್ಲ ಕೋಶಗಳಲ್ಲಿ ಇದ್ದೂ ಒಂದೇ ಜಾಗದಲ್ಲಿ ಎಚ್ಚರವಾಗುವ ಜೀನ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ರಾಮನಗರದ ಗೂಡಿನ ಮಾರುಕಟ್ಟೆ ನೋಡಿ ಬೆಳೆದ ವಿದ್ಯಾರ್ಥಿಗಳಿಗೆ ಸಿಗದು.

ಪುಟಗಳಲ್ಲಿ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಊಹಿಸಿದ ರಚನೆಯ ಚಿತ್ರವೂ ಬರುತ್ತದೆ. ಆ ರಚನೆಗಳ ಸಂಗ್ರಹ 2021ರಲ್ಲಿ ಆರಂಭವಾಗಿ ಮರುವರ್ಷವೇ 20 ಕೋಟಿ ದಾಟಿತು. ಚಿತ್ರ ಸುಂದರವಾಗಿರುವುದರಿಂದಲೇ ಎಚ್ಚರ ಬೇಕು. ಎಚ್‌ಐಎಫ್-1 ಆಲ್ಫಾದ ಚಿತ್ರದಲ್ಲಿ ಡಿಎನ್‌ಎ ಹಿಡಿಯುವ ಮುಂಭಾಗ ನೀಲಿಯಾಗಿ, ಅಚ್ಚುಕಟ್ಟಾಗಿ ಮಡಚಿಕೊಂಡಿದೆ. ನಾವು ಇಷ್ಟು ಹೊತ್ತು ಮಾತಾಡಿದ 402, 564ನೆಯ ಪ್ರೋಲಿನ್‌ಗಳು ಇರುವುದು ಅದರ ಸುತ್ತ ಶಾವಿಗೆಯಂತೆ ಚೆಲ್ಲಿಕೊಂಡಿರುವ ಕಿತ್ತಳೆ ಬಣ್ಣದ ಎಳೆಗಳಲ್ಲಿ. ಕಿತ್ತಳೆ ಎಂದರೆ ವಿಶ್ವಾಸ ತೀರಾ ಕಡಿಮೆ, ಆ ಎಳೆ ಹಾಗೆಯೇ ಇದೆ ಎಂದಲ್ಲ. ನಿಯಂತ್ರಣ ನಡೆಯುವ ಜಾಗಗಳು ಅನೇಕ ಪ್ರೋಟೀನ್‌ಗಳಲ್ಲಿ ಹೀಗೆ ಸ್ಥಿರ ಆಕಾರವಿಲ್ಲದ ಭಾಗಗಳಲ್ಲೇ ಇರುವುದರಿಂದ, ನಿಯಂತ್ರಣವನ್ನು ಓದಬೇಕಾದವರು ಚಿತ್ರದಿಂದ ಕಣ್ಣು ತೆಗೆದು ಪಠ್ಯಕ್ಕೆ ಮರಳಬೇಕಾಗುತ್ತದೆ.

ಬಳಕೆಯ ಅನುಕೂಲಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2022ರಲ್ಲಿ ಬಂದ ಹೊಸ ವಿನ್ಯಾಸ ಮೊಬೈಲ್‌ನಲ್ಲೂ ನಡೆಯುತ್ತದೆ, ಆದರೆ ಉದ್ದದ ಪುಟಗಳನ್ನು ಕಂಪ್ಯೂಟರ್‌ನಲ್ಲಿ ನೋಡುವುದೇ ವಾಸಿ. ಸುಮಾರು ಎಂಟು ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಪ್ರತಿ ಪುಟದ ‘ಹಿಸ್ಟರಿ’ಯಲ್ಲಿ ಹಳೆಯ ರೂಪಗಳನ್ನು ಹೋಲಿಸಿ ನೋಡಬಹುದು. ಪ್ರಬಂಧ ಬರೆಯುವವರು ಆವೃತ್ತಿಯ ಸಂಖ್ಯೆಯನ್ನು ಗುರುತು ಹಾಕಿಕೊಳ್ಳದಿದ್ದರೆ ಮುಂದೆ ತಮ್ಮದೇ ಮಾತಿಗೆ ಪುರಾವೆ ಸಿಗದೆ ಪೇಚಾಡುತ್ತಾರೆ. ಐದರಲ್ಲಿ ಇಷ್ಟು ಎಂದು ಪ್ರತಿ ಪುಟಕ್ಕೂ ಒಂದು ಅಂಕವಿದೆ. ಅದು ಪುಟದಲ್ಲಿ ಎಷ್ಟು ವಿವರ ತುಂಬಿದೆ ಎಂಬುದರ ಅಳತೆಯೇ ಹೊರತು ವಿವರ ಎಷ್ಟು ಸರಿ ಎಂಬುದರದ್ದಲ್ಲ. ಹೊಸಬರಲ್ಲಿ ಅನೇಕರು ಇದನ್ನು ಹೋಟೆಲಿಗೆ ಕೊಡುವ ಸ್ಟಾರ್‌ನಂತೆ ತಿಳಿಯುತ್ತಾರೆ.

ಅದೇ ಐದರ ಲೆಕ್ಕದಲ್ಲಿ ನಾನು ಅಂಕ ಕೊಡುವುದಾದರೆ, ಮನುಷ್ಯ, ಇಲಿ, ಯೀಸ್ಟ್, ಇ. ಕೋಲೈ ಮೇಲೆ ಕೆಲಸ ಮಾಡುವವರಿಗೆ ನಾಲ್ಕೂವರೆ. ರಾಗಿ, ತೊಗರಿ, ರೇಷ್ಮೆಯವರಿಗೆ ಮೂರು. ಪ್ರೋಟೀನ್ ಎಷ್ಟು ಪ್ರಮಾಣದಲ್ಲಿದೆ ಎಂದು ಕೇಳಿಕೊಂಡು ಬರುವವರಿಗೆ ಎರಡು. ಈ ವರ್ಷದ ಹೊಸ ತಂಡಕ್ಕೆ ಮೊದಲ ವಾರದ ಕೆಲಸವಾಗಿ ಕ್ಯೂ16665ರ ಪುಟವನ್ನೇ ಅಚ್ಚು ಹಾಕಿಸಿ ಕೊಟ್ಟಿದ್ದೇನೆ: ಪ್ರಯೋಗದಿಂದ ಬಂದ ವಾಕ್ಯಗಳಿಗೆ ಹಸಿರು, ಹೋಲಿಕೆಯಿಂದ ಬಂದವಕ್ಕೆ ಹಳದಿ, ಯಂತ್ರ ಬರೆದವಕ್ಕೆ ಕೆಂಪು ಗೆರೆ ಎಳೆಯಬೇಕು. ಅದೇ ವಾರ ಅವರವರ ಪ್ರಾಜೆಕ್ಟಿನ ಜೀವಿಯ ಒಂದು ಪುಟಕ್ಕೂ ಹೀಗೇ ಗೆರೆ ಎಳೆದು ತರಬೇಕು. ರಾಗಿ ಆರಿಸಿಕೊಂಡ ಹುಡುಗನ ಕೆಂಪು ಪೆನ್ನು ಎರಡನೆಯ ದಿನವೇ ಖಾಲಿಯಾಗಿದೆ.